ಖಡಕ್‌ವಾಸ್ಲಾದಿಂದ ಡೆಹ್ರಾಡೂನ್‌ವರೆಗೆ: ಸೇನಾ ಅಕಾಡೆಮಿಯ ಕೆಡೆಟ್‌ಗೆ ಹಣಕಾಸಿನ ಸಮಗ್ರ ಮಾರ್ಗದರ್ಶಿ

ಯುಪಿಎಸ್‌ಸಿಯ ಲಿಖಿತ ಪರೀಕ್ಷೆ, ಸೇನಾ ಆಯ್ಕೆ ಮಂಡಳಿಯ (ಎಸ್‌ಎಸ್‌ಬಿ) ಐದು ದಿನಗಳ ಸಂದರ್ಶನ, ವೈದ್ಯಕೀಯ ತಪಾಸಣೆ, ಇವೆಲ್ಲವನ್ನೂ ದಾಟಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮೆರಿಟ್ ಪಟ್ಟಿಯಲ್ಲಿ ಮಗನ ಅಥವಾ ಮಗಳ ಹೆಸರು ಕಂಡ ಮನೆಯಲ್ಲಿ ಸಂಭ್ರಮದ ಬೆನ್ನಿಗೇ ಏಳುವ ಪ್ರಶ್ನೆ ಒಂದೇ: ಇನ್ನು ಮುಂದೆ ಖರ್ಚು ಎಷ್ಟು ಬರುತ್ತದೆ? ಈ ಪ್ರಶ್ನೆಗೆ ಊರಿನಲ್ಲಿ ಎರಡು ಉತ್ತರಗಳು ಓಡಾಡುತ್ತಿರುತ್ತವೆ. ಎಲ್ಲವೂ ಸರ್ಕಾರದ್ದೇ, ಒಂದು ಪೈಸೆಯೂ ಬೇಕಿಲ್ಲ ಎನ್ನುವುದು ಒಂದು. ಸೇರಿದ ದಿನದಿಂದಲೇ ಸಂಬಳ ಬರುತ್ತದೆ ಎನ್ನುವುದು ಇನ್ನೊಂದು. ಎರಡೂ ತಪ್ಪು. ಈ ಅಕಾಡೆಮಿ ಇರುವ ಪುಣೆ ಬಳಿಯ ಖಡಕ್‌ವಾಸ್ಲಾದ ಮೂರು ವರ್ಷಗಳಲ್ಲಿ ಕೆಡೆಟ್‌ಗೆ ಸ್ಟೈಪೆಂಡ್ ಇಲ್ಲ, ಕೈಖರ್ಚು ಮನೆಯಿಂದಲೇ ಬರಬೇಕು. ನಾಲ್ಕನೆಯ ವರ್ಷ ಡೆಹ್ರಾಡೂನ್‌ನ ಭಾರತೀಯ ಸೇನಾ ಅಕಾಡೆಮಿಗೆ ಹೋದಾಗ ತಿಂಗಳಿಗೆ 56,100 ರೂಪಾಯಿಯ ಸ್ಟೈಪೆಂಡ್ ಆರಂಭವಾಗುತ್ತದೆ. ಮೂರು ಸಾವಿರದಲ್ಲಿ ತಿಂಗಳು ಕಳೆದವರ ಕೈಗೆ ಒಮ್ಮೆಲೇ ಅದರ ಹದಿನೆಂಟು ಪಟ್ಟಿಗೂ ಹೆಚ್ಚು ಹಣ ಬರುವ ಈ ತಿರುವಿಗೆ ಮೊದಲ ದಿನದಿಂದಲೇ ಸಿದ್ಧತೆ ನಡೆಯಬೇಕು ಎಂಬುದೇ ಈ ಮಾರ್ಗದರ್ಶಿಯ ಒಟ್ಟು ಆಶಯ.

ಮೊದಲ ಹೆಜ್ಜೆ: ಯಾವುದು ಸರ್ಕಾರದ ಖರ್ಚು, ಯಾವುದು ನಿಮ್ಮದು ಎಂದು ತಿಳಿಯಿರಿ

ವಸತಿ, ಊಟ, ಸಮವಸ್ತ್ರ, ಪುಸ್ತಕ, ವೈದ್ಯಕೀಯ ಚಿಕಿತ್ಸೆ ಸೇರಿದಂತೆ ತರಬೇತಿಯ ವೆಚ್ಚವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಕೈಖರ್ಚು ಮತ್ತು ಇತರ ಖಾಸಗಿ ವೆಚ್ಚಗಳು ತಂದೆತಾಯಿಯ ಹೊಣೆ. ಈ ವೆಚ್ಚ ಸಾಮಾನ್ಯವಾಗಿ ತಿಂಗಳಿಗೆ 3,000 ರೂಪಾಯಿ ಮೀರುವುದಿಲ್ಲ ಎಂದು ಇತ್ತೀಚಿನ ವರ್ಷಗಳ ಯುಪಿಎಸ್‌ಸಿ ಅಧಿಸೂಚನೆಗಳೇ ಹೇಳುತ್ತವೆ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ ಖರ್ಚಿನೊಂದಿಗೆ ಹೋಲಿಸಿದರೆ ಇದು ಅತ್ಯಲ್ಪ ಮೊತ್ತ. ಆದರೆ ಒಣಬೇಸಾಯವನ್ನೇ ನಂಬಿದ ವಿಜಯಪುರದ ಕುಟುಂಬಕ್ಕೆ ಪ್ರತಿ ತಿಂಗಳೂ ತಪ್ಪದೆ ಹೊಂದಿಸಬೇಕಾದ ಮೊತ್ತವೂ ಹೌದು. ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳಲ್ಲೋ, ಬೆಳಗಾವಿ ಮತ್ತು ಬೆಂಗಳೂರಿನ ರಾಷ್ಟ್ರೀಯ ಮಿಲಿಟರಿ ಶಾಲೆಗಳಲ್ಲೋ ಓದಿ ಬಂದವರಿಗೆ ಎಣಿಸಿ ಖರ್ಚು ಮಾಡುವ ಅಭ್ಯಾಸ ಸ್ವಲ್ಪ ಮಟ್ಟಿಗೆ ಇರುತ್ತದೆ. ಮನೆಯಿಂದ ನೇರವಾಗಿ ಬರುವವರು ಇದನ್ನು ಹೊಸದಾಗಿ ಕಲಿಯಬೇಕಾಗುತ್ತದೆ.

ಎರಡನೆಯ ಹೆಜ್ಜೆ: ಸೇರುವ ಮುನ್ನವೇ ಮುಗಿಸಬೇಕಾದ ಕೆಲಸಗಳು

ಅಕಾಡೆಮಿ ತಲುಪಿದ ಕೂಡಲೇ ಕಟ್ಟಬೇಕಾದ ಆರಂಭಿಕ ಠೇವಣಿಯಲ್ಲಿ ಐದು ತಿಂಗಳ ಕೈಖರ್ಚು, ಉಡುಪು ಮತ್ತು ಸಲಕರಣೆಗಳ ಬಾಬ್ತು, ಮೊದಲ ಸೆಮಿಸ್ಟರ್‌ನ ಇತರ ವೆಚ್ಚ ಮುಂತಾದ ಭಾಗಗಳಿರುತ್ತವೆ. ಮೊತ್ತವನ್ನು ಕಾಲಕಾಲಕ್ಕೆ ಪರಿಷ್ಕರಿಸಲಾಗುತ್ತದೆಯಾದ್ದರಿಂದ ಹಿಂದಿನ ವರ್ಷ ಸೇರಿದವರ ಮಾತನ್ನು ನಂಬಿ ಹಣ ಹೊಂದಿಸಬೇಡಿ. ನಿಮ್ಮ ಹೆಸರಿಗೆ ಬಂದ ಸೇರ್ಪಡೆ ಸೂಚನೆಯಲ್ಲಿರುವ ಅಂಕಿಯನ್ನೇ ಆಧಾರವಾಗಿಟ್ಟುಕೊಳ್ಳಿ. ಆ ಸೂಚನೆಯಲ್ಲಿ ಹೇಳಿದ ವಸ್ತುಗಳನ್ನು ಮಾತ್ರ ಖರೀದಿಸಿ. ಮಗ ಸೇನೆಗೆ ಹೋಗುತ್ತಿದ್ದಾನೆ ಎಂಬ ಹೆಮ್ಮೆಯಲ್ಲಿ ಬಂಧುಗಳೆಲ್ಲ ಸೇರಿ ಕೊಡಿಸುವ ದುಬಾರಿ ಜಾಕೆಟ್, ವಾಚು, ಬೂಟುಗಳು ಬಹುಪಾಲು ಮೊದಲ ಟರ್ಮ್ ಪೂರ್ತಿ ಪೆಟ್ಟಿಗೆಯಲ್ಲೇ ಉಳಿಯುತ್ತವೆ.

ಕುಟುಂಬದ ಆದಾಯ ತಿಂಗಳಿಗೆ 21,000 ರೂಪಾಯಿಗಿಂತ ಕಡಿಮೆ ಇದ್ದರೆ ತರಬೇತಿಯ ಅವಧಿಗೆ ತಿಂಗಳಿಗೆ 1,000 ರೂಪಾಯಿಯ ಸರ್ಕಾರಿ ನೆರವು ಪಡೆಯಲು ಅವಕಾಶವಿದೆ. ಅಂತಿಮ ಆಯ್ಕೆಯಾದ ತಕ್ಷಣ ತಂದೆ, ತಾಯಿ ಅಥವಾ ಪೋಷಕರು ತಮ್ಮ ಜಿಲ್ಲಾಧಿಕಾರಿಯ ಮೂಲಕ ಅರ್ಜಿ ಸಲ್ಲಿಸಬೇಕು. ಜಿಲ್ಲಾಧಿಕಾರಿ ಅದನ್ನು ಶಿಫಾರಸಿನೊಂದಿಗೆ ಅಕಾಡೆಮಿಯ ಕಮಾಂಡೆಂಟ್‌ಗೆ ಕಳುಹಿಸುತ್ತಾರೆ. ನೆರವು ಮಂಜೂರಾದರೆ ಆರಂಭಿಕ ಠೇವಣಿಯ ಒಂದು ಭಾಗವೂ ಹಿಂದಿರುಗುತ್ತದೆ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅಲೆಯುವ ದಿನಗಳನ್ನೂ ಲೆಕ್ಕ ಹಾಕಿಕೊಂಡು, ಮೆರಿಟ್ ಪಟ್ಟಿಗೆ ಕಾಯದೆ ಎಸ್‌ಎಸ್‌ಬಿ ಮುಗಿದೊಡನೆಯೇ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯ ಸರ್ಕಾರಗಳು ತಮ್ಮ ರಾಜ್ಯದ ಕೆಡೆಟ್‌ಗಳಿಗೆ ವಿದ್ಯಾರ್ಥಿವೇತನ ನೀಡುತ್ತವೆ. ಅಧಿಸೂಚನೆಯ ಕೊನೆಯ ಪುಟಗಳಲ್ಲಿ ಇವುಗಳ ವಿವರವಿರುತ್ತದೆ. ಪರೀಕ್ಷೆಗೆ ಓದುವಾಗ ಯಾರೂ ತಿರುವಿ ನೋಡದ ಆ ಪುಟಗಳನ್ನು ಆಯ್ಕೆಯಾದ ಮೇಲಾದರೂ ತಂದೆತಾಯಿ ಜೊತೆ ಕುಳಿತು ಓದಿ. ಇದು ಯಾರ ಕೃಪೆಯೂ ಅಲ್ಲ, ಅರ್ಹರಿಗೆಂದೇ ಇಟ್ಟಿರುವ ಹಣ. ಕೇಳುವುದಕ್ಕೆ ಸಂಕೋಚ ಬೇಡ.

ಬ್ಯಾಂಕ್ ಖಾತೆಯ ವಿಷಯದಲ್ಲಿ ವಯಸ್ಸು ಒಂದು ತೊಡಕು ತರುತ್ತದೆ. ಅಕಾಡೆಮಿ ಸೇರುವವರ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯ ನಡುವೆ ಇರುವುದರಿಂದ ಅನೇಕರು ಇನ್ನೂ ಅಪ್ರಾಪ್ತ ವಯಸ್ಕರು. ಅಪ್ರಾಪ್ತರ ಹೆಸರಿನ ಖಾತೆಗೆ ಹದಿನೆಂಟು ತುಂಬಿದಾಗ ಹೊಸ ಸಹಿ ಮತ್ತು ಗುರುತಿನ ದಾಖಲೆಗಳನ್ನು ಕೊಡಬೇಕು. ಕೊಡದಿದ್ದರೆ ಹಣ ತೆಗೆಯುವುದೇ ನಿಂತುಹೋಗುವ ಸಾಧ್ಯತೆ ಇದೆ. ಟರ್ಮ್‌ನ ನಡುವೆ ಹುಟ್ಟಿದ ದಿನ ಬರುವವರು ಅದಕ್ಕೆ ಹಿಂದಿನ ರಜೆಯಲ್ಲೇ ಶಾಖೆಗೆ ಹೋಗಿ ಬೇಕಾದ ಕಾಗದಗಳೇನೆಂದು ವಿಚಾರಿಸಿಕೊಂಡು ಬರಲಿ. ಇನ್ನೊಂದು ಸಂಗತಿ ಒಟಿಪಿಯದು. ಮೊದಲ ಟರ್ಮ್‌ನಲ್ಲಿ ಮೊಬೈಲ್ ನಿಮ್ಮ ಕೈಯಲ್ಲಿರುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಖಾತೆಗೆ ಜೋಡಿಸಿದ ಸಿಮ್ ಯಾರ ಬಳಿ ಇರುತ್ತದೆ, ಅಗತ್ಯ ಬಿದ್ದಾಗ ಮನೆಯವರು ಏನು ಮಾಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ. ಎಟಿಎಂ ಕಾರ್ಡಿನ ಪಿನ್ ಅನ್ನು ಕಾರ್ಡಿನ ಲಕೋಟೆಯ ಮೇಲೆಯೇ ಬರೆದಿಡುವ ಅಭ್ಯಾಸ ಹತ್ತಾರು ಮಂದಿ ಒಟ್ಟಿಗೆ ಇರುವ ಕಟ್ಟಡದಲ್ಲಿ ಖಂಡಿತ ಸಲ್ಲದು.

ಸೇರುವಾಗ ಪೋಷಕರು ಸಹಿ ಹಾಕುವ ಬಾಂಡ್ ಅನ್ನು ಓದದೆ ಸಹಿ ಹಾಕಬಾರದು. ಕೆಡೆಟ್ ತನ್ನ ಹಿಡಿತದಲ್ಲಿರುವ ಕಾರಣಗಳಿಗಾಗಿ ತರಬೇತಿಯನ್ನು ಅರ್ಧಕ್ಕೆ ಬಿಟ್ಟರೆ ಅಥವಾ ಕಮಿಷನ್ (ಸೇನಾಧಿಕಾರಿಯಾಗಿ ನೇಮಕ) ನಿರಾಕರಿಸಿದರೆ, ಅಲ್ಲಿಯವರೆಗೆ ತನ್ನ ಮೇಲೆ ಆದ ವೆಚ್ಚವನ್ನು ಪೂರ್ಣವಾಗಿಯೋ ಭಾಗಶಃವೋ ಮರಳಿಸುವ ಹೊಣೆ ಅದರಲ್ಲಿದೆ. ಹೆದರಿಸಲು ಈ ಮಾತಲ್ಲ. ಇಂಥ ಹೊಣೆ ಇದೆ ಎಂಬ ಅರಿವು ಇಡೀ ಕುಟುಂಬಕ್ಕೆ ಇರಬೇಕು.

ಮೂರನೆಯ ಹೆಜ್ಜೆ: ತಿಂಗಳಿಗಲ್ಲ, ಟರ್ಮ್‌ಗೆ ಲೆಕ್ಕ ಹಾಕಿ

ನೌಕರಿ ಮಾಡುವವರ ಲೆಕ್ಕ ತಿಂಗಳಿನದು; ಕೆಡೆಟ್‌ನ ಬದುಕು ಟರ್ಮ್‌ನದು. ಮೂರು ವರ್ಷಗಳಲ್ಲಿ ಆರು ಟರ್ಮ್. ತಿಂಗಳಿಗೆ 3,000 ರೂಪಾಯಿಯಂತೆ ಐದು ತಿಂಗಳ ಟರ್ಮ್‌ಗೆ 15,000 ರೂಪಾಯಿ. ಈ ಹಣ ಎಲ್ಲ ತಿಂಗಳೂ ಒಂದೇ ಸಮನಾಗಿ ಖರ್ಚಾಗುವುದಿಲ್ಲ. ಟರ್ಮ್‌ನ ಆರಂಭದಲ್ಲಿ ಕಿಟ್ (ಉಡುಪು, ಸಲಕರಣೆ) ಸರಿಪಡಿಸಿಕೊಳ್ಳುವ ಖರ್ಚು ಹೆಚ್ಚು, ಶಿಬಿರದ ವಾರಗಳಲ್ಲಿ ಹೆಚ್ಚುಕಡಿಮೆ ಸೊನ್ನೆ, ಕೊನೆಯಲ್ಲಿ ಊರಿನ ಪ್ರಯಾಣ ಮತ್ತು ತಂಗಿಗೊಂದು ಉಡುಗೊರೆ ಎಂದು ಮತ್ತೆ ಏರಿಕೆ.

ಹಾಗಾಗಿ 15,000ದಲ್ಲಿ ಮೊದಲು 3,000 ರೂಪಾಯಿಯನ್ನು ಪ್ರಯಾಣಕ್ಕೆಂದು ಎತ್ತಿಡಿ, ಅದನ್ನು ಮುಟ್ಟಬೇಡಿ. ಸಾಬೂನು, ಪೇಸ್ಟ್, ಪಾಲಿಶ್, ಒಗೆತ, ಇಸ್ತ್ರಿ, ಕ್ಷೌರದಂಥ ನಿತ್ಯದ ಬಾಬ್ತಿಗೆ 4,500. ಕ್ಯಾಂಟೀನಿನ ತಿಂಡಿಗೆ 3,500. ಲಿಬರ್ಟಿಯ, ಅಂದರೆ ಹೊರಗೆ ಹೋಗಲು ಅನುಮತಿ ಸಿಗುವ, ದಿನಗಳಿಗೆ 2,500. ಫೋನಿಗೆ 1,500. ಇದು ಲೆಕ್ಕಕ್ಕೊಂದು ಮಾದರಿ. ನಿಮ್ಮ ಅಭ್ಯಾಸಕ್ಕೆ ತಕ್ಕಂತೆ ಅಂಕಿಗಳನ್ನು ಬದಲಿಸಿಕೊಳ್ಳಿ. ಪ್ರಯಾಣದ ಹಣವನ್ನು ಮೊದಲು ತೆಗೆದಿಡುವ ಕ್ರಮವನ್ನು ಮಾತ್ರ ಬದಲಿಸಬೇಡಿ.

ಲೆಕ್ಕ ಬರೆಯಲು ಅಂಗಿಯ ಜೇಬಿನಲ್ಲಿ ಹಿಡಿಸುವ ಚಿಕ್ಕ ಪುಸ್ತಕ ಸಾಕು. ಎಡಪುಟದಲ್ಲಿ ಜಮಾ, ಬಲಪುಟದಲ್ಲಿ ಖರ್ಚು. ಒಂದು ಭಾನುವಾರದ ಪುಟ ಹೀಗಿರಬಹುದು: ಬೂಟ್ ಪಾಲಿಶ್ 2 ಡಬ್ಬಿ, ಹಿತ್ತಾಳೆ ಹೊಳಪಿಸುವ ಬ್ರಾಸೊ 1, ಕಾಲುಚೀಲ 2 ಜೊತೆ, ಆಮ್ಲೆಟ್ ಮತ್ತು ಕೋಲ್ಡ್ ಕಾಫಿ, ಸಹಪಾಠಿಗೆ ಕೈಗಡ 200. ಪ್ರತಿಯೊಂದರ ಎದುರು ಬೆಲೆ, ಕೊನೆಯಲ್ಲಿ ಕೈಯಲ್ಲಿ ಉಳಿದ ಮೊತ್ತ. ಬೆಳಗಿನ ಜಾವದಿಂದ ಡ್ರಿಲ್, ಪಿಟಿ, ತರಗತಿ, ಆಟ ಎಂದು ಓಡಿ ರಾತ್ರಿ ಕಣ್ಣು ಕೂರುವ ಹೊತ್ತಿಗೆ ಮೊಬೈಲ್ ಆ್ಯಪ್‌ನಲ್ಲಿ ವಿಭಾಗವಾರು ತುಂಬಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ. ನಾಲ್ಕು ಸಾಲು ಬರೆಯುವ ತಾಳ್ಮೆ ಇರುತ್ತದೆ. ದಿನವೂ ಆಗದಿದ್ದರೆ ಭಾನುವಾರಕ್ಕೊಮ್ಮೆಯಾದರೂ ಬರೆಯಿರಿ.

ನಾಲ್ಕನೆಯ ಹೆಜ್ಜೆ: ಕಿಟ್ ಕಾಪಾಡುವುದೇ ದೊಡ್ಡ ಉಳಿತಾಯ

ಕೆಡೆಟ್‌ನ ಹಣ ಹೆಚ್ಚಾಗಿ ಸೋರಿಹೋಗುವುದು ತಿಂಡಿಯಲ್ಲಿ ಎಂದು ಮನೆಯವರು ಭಾವಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಹೆಚ್ಚಾಗಿ ಸೋರುವುದು ಕಳೆದುಹೋದ ಸಾಮಾನಿನಲ್ಲಿ. ಒಂದೇ ಬಣ್ಣದ, ಒಂದೇ ಅಳತೆಯ ಪಿಟಿ ಚಡ್ಡಿ, ಬಿಳಿ ಬನಿಯನ್, ಕಾಲುಚೀಲಗಳು ಒಂದೇ ತಂತಿಯ ಮೇಲೆ ಒಣಗುವ ಕಡೆ, ಗುರುತಿಲ್ಲದ ವಸ್ತು ಮರಳಿ ಬರುವುದು ಅಪರೂಪ. ಕಿಟ್ ತಪಾಸಣೆಯ ಹಿಂದಿನ ರಾತ್ರಿ ಬೆಲ್ಟ್ ಕಾಣದಿದ್ದರೆ ಬೆಳಗ್ಗೆ ಶಿಕ್ಷೆಯೂ ಉಂಟು, ಹೊಸ ಬೆಲ್ಟಿನ ಖರ್ಚೂ ಉಂಟು. ಆದ್ದರಿಂದ ಸಾಮಾನು ಕೈಗೆ ಬಂದ ಮೊದಲ ವಾರದಲ್ಲೇ ಪ್ರತಿ ವಸ್ತುವಿನ ಒಳಮಗ್ಗುಲಲ್ಲಿ ಅಳಿಸದ ಶಾಯಿಯಲ್ಲಿ ನಿಮ್ಮ ಅಕಾಡೆಮಿ ಸಂಖ್ಯೆಯನ್ನು ಬರೆಯಿರಿ. ಉಣ್ಣೆಯ ಬಟ್ಟೆಯ ಮೇಲೆ ಶಾಯಿ ನಿಲ್ಲುವುದಿಲ್ಲ. ಅಲ್ಲಿ ದಾರದಿಂದ ಹೊಲಿದರೆ ಆರು ಟರ್ಮ್ ಬಾಳುತ್ತದೆ.

ಡ್ರಿಲ್ ಬೂಟಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಒದ್ದೆಯಾದ ಬೂಟನ್ನು ಬೇಗ ಒಣಗಲೆಂದು ಬಿಸಿಲಿಗೋ ಹೀಟರ್ ಮುಂದೆಯೋ ಇಟ್ಟರೆ ಚರ್ಮ ಬಿರಿಯುತ್ತದೆ. ಬಿರಿದ ಚರ್ಮಕ್ಕೆ ಎಷ್ಟು ಪಾಲಿಶ್ ತಿಕ್ಕಿದರೂ ಹೊಳಪು ನಿಲ್ಲುವುದಿಲ್ಲ. ಪಾಲಿಶ್ ಮಾತ್ರ ವಾರಕ್ಕೊಂದು ಡಬ್ಬಿ ಖಾಲಿಯಾಗುತ್ತದೆ. ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸಿ. ಪಾಲಿಶ್ ತೆಳುವಾಗಿ ಹಚ್ಚಿ, ಹತ್ತಿಯ ಬಟ್ಟೆಯ ತುದಿಯನ್ನು ಹನಿ ನೀರಿನಲ್ಲಿ ಅದ್ದಿ ಚಿಕ್ಕ ಚಿಕ್ಕ ವೃತ್ತಗಳಲ್ಲಿ ಉಜ್ಜಿದರೆ ಅರ್ಧ ಪಾಲಿಶ್‌ನಲ್ಲಿ ಎರಡರಷ್ಟು ಹೊಳಪು ಬರುತ್ತದೆ. ಬೂಟು, ಬೆಲ್ಟು, ಬ್ಲೇಜರ್ ಇವುಗಳನ್ನು ಚೆನ್ನಾಗಿ ನೋಡಿಕೊಂಡವರಿಗೂ ನೋಡಿಕೊಳ್ಳದವರಿಗೂ ಆಗುವ ಖರ್ಚಿನ ವ್ಯತ್ಯಾಸ ಟರ್ಮ್‌ನ ಕೊನೆಯ ಹೊತ್ತಿಗೆ ಪುಸ್ತಕದಲ್ಲಿ ಎದ್ದು ಕಾಣುತ್ತದೆ. ಕೋಣೆಯ ಪೀಠೋಪಕರಣ, ಕಿಟಕಿ ಗಾಜುಗಳಿಗೆ ಹಾನಿಯಾದರೆ ಅದರ ವೆಚ್ಚವೂ ವಾಸಿಸುವವರ ಮೇಲೆಯೇ ಬೀಳುವುದರಿಂದ, ಕೋಣೆ ವಹಿಸಿಕೊಳ್ಳುವಾಗಲೇ ಮುರಿದಿರುವುದನ್ನೆಲ್ಲ ಬರೆಸಿ ಸಹಿ ಹಾಕಿಸಿಕೊಳ್ಳಿ.

ಐದನೆಯ ಹೆಜ್ಜೆ: ಲಿಬರ್ಟಿ, ಟ್ರೀಟ್ ಮತ್ತು ಕೈಗಡ

ವಾರಗಟ್ಟಲೆ ಆವರಣದೊಳಗೇ ಇದ್ದು ಲಿಬರ್ಟಿ ಸಿಕ್ಕ ದಿನ ಪುಣೆಯ ಕ್ಯಾಂಪ್ ಪ್ರದೇಶದ ಎಂ.ಜಿ. ರಸ್ತೆಗೋ ಫರ್ಗ್ಯುಸನ್ ಕಾಲೇಜು ರಸ್ತೆಗೋ ಹೋದಾಗ ಕಣ್ಣಿಗೆ ಬಿದ್ದದ್ದೆಲ್ಲ ಬೇಕೆನಿಸುವುದು ಸಹಜ. ಅದನ್ನು ತಪ್ಪೆಂದು ಹೇಳುವವನು ನಾನಲ್ಲ. ಅಷ್ಟು ಕಷ್ಟಪಟ್ಟವರಿಗೆ ಒಂದು ಒಳ್ಳೆಯ ಊಟ ಸಲ್ಲುತ್ತದೆ. ಆ ದಿನಕ್ಕೆಂದು ನಿಗದಿ ಮಾಡಿದ ನಗದನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡು ಹೋದರೆ ಸಾಕು. ಯುಪಿಐನಲ್ಲಿ ಹಣ ಹೋದದ್ದು ಗಮನಕ್ಕೇ ಬರುವುದಿಲ್ಲ, ನೋಟು ಕೈಬಿಟ್ಟು ಹೋಗುವಾಗ ಗೊತ್ತಾಗುತ್ತದೆ. ಟ್ಯಾಕ್ಸಿ ಬಾಡಿಗೆಯನ್ನು ನಾಲ್ವರು ಹಂಚಿಕೊಳ್ಳಿ, ಹಿಂದಿರುಗುವ ಬಾಡಿಗೆಯನ್ನು ಬೇರೆ ಜೇಬಿನಲ್ಲಿಡಿ. ತಡವಾಗಿ ಮರಳಿದರೆ ತೆರಬೇಕಾದ ಬೆಲೆ ಹಣದ ರೂಪದಲ್ಲಿರುವುದಿಲ್ಲ.

ಹುಟ್ಟುಹಬ್ಬ, ಪದಕ, ಹೊಸ ಹುದ್ದೆ, ಎಲ್ಲಕ್ಕೂ ಟ್ರೀಟ್ ಕೇಳುವುದು ಸ್ಕ್ವಾಡ್ರನ್ (ಕೆಡೆಟ್‌ಗಳು ಒಟ್ಟಿಗೆ ವಾಸಿಸುವ ತಂಡ) ಬದುಕಿನ ಭಾಗ. ಕೈಬಿಗಿಯಾಗಿದ್ದರೆ ಟರ್ಮ್‌ಗೆ ಒಮ್ಮೆ, ಒಂದೇ ತಿಂಗಳಲ್ಲಿ ಹುಟ್ಟಿದ ಮೂರ್ನಾಲ್ಕು ಮಂದಿ ಸೇರಿ ಕ್ಯಾಂಟೀನಿನಲ್ಲಿ ಒಟ್ಟಿಗೆ ಕೊಡಿಸಿ. ಕೋರ್ಸ್‌ಮೇಟ್‌ಗಳ ನಡುವೆ ಶ್ರೀಮಂತ ಮನೆಯವರೂ ಇರುತ್ತಾರೆ, ಜವಾನನ ಮಗನೂ ಇರುತ್ತಾನೆ. ಒಂದೇ ಸಮವಸ್ತ್ರ ತೊಟ್ಟವರ ನಡುವೆ ಆ ಅಂತರ ಕಾಣದಂತೆ ನಡೆದುಕೊಳ್ಳುವುದು ಇರುವವರ ಜವಾಬ್ದಾರಿ. ಕೈಗಡ ಕೊಡುವುದಾದರೆ ಮರಳಿ ಬಾರದಿದ್ದರೂ ಸ್ನೇಹ ಕೆಡದಷ್ಟೇ ಕೊಡಿ, ಕೊಟ್ಟ ದಿನವೇ ಪುಸ್ತಕದಲ್ಲಿ ಬರೆಯಿರಿ. ತೆಗೆದುಕೊಂಡಿದ್ದರೆ ರಜೆಗೆ ಹೊರಡುವ ಮುನ್ನ ತೀರಿಸಿ. ನಿಜವಾದ ಕಷ್ಟ ಬಂದಾಗ, ಮನೆಯಲ್ಲಿ ಬೆಳೆ ಕೈಕೊಟ್ಟಿತೋ ತಂದೆಯ ಕೆಲಸ ಹೋಯಿತೋ, ಅದನ್ನು ಮುಚ್ಚಿಟ್ಟು ಸಾಲದ ಆ್ಯಪ್‌ಗಳ ಬಳಿಗೆ ಹೋಗುವುದಕ್ಕಿಂತ ನಿಮ್ಮ ತಂಡದ ಉಸ್ತುವಾರಿ ನೋಡುವ ಡಿವಿಷನಲ್ ಆಫೀಸರ್‌ಗೆ ನೇರವಾಗಿ ತಿಳಿಸಿ. ನಿಮ್ಮ ಕಷ್ಟಸುಖ ವಿಚಾರಿಸುವುದು ಅವರ ಕರ್ತವ್ಯದಲ್ಲೇ ಸೇರಿದೆ.

ಆರನೆಯ ಹೆಜ್ಜೆ: ಊರಿನ ಪ್ರಯಾಣ ಮತ್ತು ಆಪತ್ತಿನ ಹಣ

ಟರ್ಮ್ ಮುಗಿಯುವ ದಿನಾಂಕ ಮೊದಲೇ ತಿಳಿದಿರುತ್ತದೆ. ರೈಲಿನ ಮುಂಗಡ ಕಾಯ್ದಿರಿಸುವಿಕೆ 60 ದಿನ ಮುಂಚೆ ತೆರೆಯುವುದರಿಂದ, ಆ ದಿನವನ್ನು ಪುಸ್ತಕದಲ್ಲಿ ಗುರುತು ಹಾಕಿಟ್ಟುಕೊಂಡು ಮನೆಯವರಿಂದ ಟಿಕೆಟ್ ಮಾಡಿಸಿ. ಕಲಬುರಗಿ ಕಡೆಯವರಿಗೆ ಸೊಲ್ಲಾಪುರದ ಮಾರ್ಗ, ಬೆಳಗಾವಿ, ಹುಬ್ಬಳ್ಳಿ ಕಡೆಯವರಿಗೆ ಮೀರಜ್ ಮಾರ್ಗ ಹತ್ತಿರ. ಡಿಸೆಂಬರ್ ರಜೆಯಲ್ಲಿ ಕೊನೆಯ ಗಳಿಗೆಗೆ ಖಾಸಗಿ ಬಸ್ ಹಿಡಿದರೆ ಒಂದೇ ಬಾರಿಗೆ ತಿಂಗಳ ಕೈಖರ್ಚು ಕರಗಬಹುದು.

ಕುಟುಂಬದವರು ಗಮನಿಸಬೇಕಾದ ಇನ್ನೊಂದು ಸಂಗತಿ ರೆಲಿಗೇಷನ್. ಗಾಯದಿಂದಲೋ ಪರೀಕ್ಷೆಯಲ್ಲಿ ಹಿಂದುಳಿದೋ ಒಂದು ಟರ್ಮ್ ಹಿಂದಕ್ಕೆ ಬಿದ್ದರೆ ಒಂದು ಟರ್ಮ್‌ನ ಕೈಖರ್ಚು ಹೆಚ್ಚಾಗುತ್ತದೆ, ಸ್ಟೈಪೆಂಡ್ ಆರು ತಿಂಗಳು ತಡವಾಗುತ್ತದೆ. ಯಾರೂ ಇದನ್ನು ಬಯಸುವುದಿಲ್ಲ, ಆದರೆ ಒಳ್ಳೆಯ ಕೆಡೆಟ್‌ಗಳಿಗೂ ಕಾಲು ಮುರಿಯುತ್ತದೆ. ಮೂರು ವರ್ಷಗಳಲ್ಲಿ ಒಂದು ಟರ್ಮ್‌ನ ಮೊತ್ತವನ್ನು ಮನೆಯಲ್ಲಿ ಪ್ರತ್ಯೇಕವಾಗಿ ಕೂಡಿಟ್ಟರೆ ಅಂಥ ಹೊತ್ತಿನಲ್ಲಿ ಮಗುವಿನ ಮುಂದೆ ಹಣದ ಮಾತು ಎತ್ತುವ ಅಗತ್ಯ ಬೀಳುವುದಿಲ್ಲ.

ಏಳನೆಯ ಹೆಜ್ಜೆ: 56,100 ರೂಪಾಯಿ ಕೈಗೆ ಬಂದಾಗ

ಡೆಹ್ರಾಡೂನ್‌ಗೆ ಕಾಲಿಟ್ಟ ಮೇಲೆ ಲೆಕ್ಕದ ಸ್ವರೂಪವೇ ಬದಲಾಗುತ್ತದೆ. ವರ್ಷಕ್ಕೆ 6,73,200 ರೂಪಾಯಿ ಎಂದು ಗುಣಿಸಿ ಹಿಗ್ಗುವ ಮುನ್ನ, ಮೆಸ್ ಬಿಲ್, ಸಮೂಹ ವಿಮೆ, ಉಡುಪು ಮುಂತಾದ ಕಡಿತಗಳು ಕಳೆದು ಕೈಗೆ ಎಷ್ಟು ಬರುತ್ತದೆ ಎಂದು ಎರಡು ತಿಂಗಳು ನೋಡಿ. ಆಮೇಲೆ ಯೋಜನೆ ಮಾಡಿ. ಬಂದ ಹಣದಲ್ಲಿ 20,000 ರೂಪಾಯಿ ಅದೇ ದಿನ ಆವರ್ತ ಠೇವಣಿಗೆ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟರೆ ವರ್ಷದ ಕೊನೆಗೆ ಅಸಲೇ 2,40,000 ಆಗುತ್ತದೆ. ಮೂರು ವರ್ಷ ಕೈಖರ್ಚು ಕಳುಹಿಸಿದ ಮನೆಗೆ ಸ್ವಲ್ಪ ಹಣ ಕಳುಹಿಸುವುದೂ ಈ ವರ್ಷದಿಂದಲೇ ಆರಂಭವಾಗಲಿ, ಅವರು ಬೇಡವೆಂದರೂ ಸರಿ.

ಆ ಉಳಿತಾಯ ಬೇಕಾಗುವುದು ತರಬೇತಿ ಮುಗಿಸಿ ಹೊರಬರುವ ಪಾಸಿಂಗ್ ಔಟ್ ಪರೇಡ್‌ನ ಸುತ್ತಮುತ್ತ. ಅಧಿಕಾರಿಯ ಸಮವಸ್ತ್ರಗಳು, ಮೆಸ್ ಉಡುಪು, ರೆಜಿಮೆಂಟಿನ ಲಾಂಛನಗಳು, ಹೊಲಿಗೆ, ಮೊದಲ ಘಟಕಕ್ಕೆ ಹೊರಡುವ ಸಾಮಾನು, ಎಲ್ಲವೂ ಒಟ್ಟಿಗೆ ಬರುತ್ತವೆ. ಜೂನ್ ಮತ್ತು ಡಿಸೆಂಬರ್‌ನಲ್ಲಿ ಪರೇಡ್ ನೋಡಲು ದೇಶದ ಎಲ್ಲೆಡೆಯಿಂದ ಕುಟುಂಬಗಳು ಬರುವುದರಿಂದ ಡೆಹ್ರಾಡೂನ್‌ನ ವಸತಿಗೃಹಗಳ ಬಾಡಿಗೆ ಏರುತ್ತದೆ; ಅಜ್ಜಿಯೂ ಬರುವುದಾದರೆ ಕೊಠಡಿಯನ್ನು ತಿಂಗಳುಗಳ ಮುಂಚೆಯೇ ಗೊತ್ತುಮಾಡಿ. ತರಬೇತಿ ಅವಧಿಗೆ ಸಲ್ಲುವ ಭತ್ಯೆಗಳ ಬಾಕಿ ಕಮಿಷನ್ ಆದ ಮೇಲೆ ಒಟ್ಟಾಗಿ ಬರುತ್ತದೆ ಎಂಬುದು ನಿಜ, ಆದರೆ ಆ ಬಾಕಿಯನ್ನು ನೆಚ್ಚಿ ಮುಂಚಿತವಾಗಿ ಸಾಲ ಮಾಡಬೇಡಿ.

ಸಾಲ ಕೊಡುವವರು ತಾವಾಗಿಯೇ ಹುಡುಕಿಕೊಂಡು ಬರುವ ಕಾಲವಿದು. ಖಾತ್ರಿಯಾದ ಸರ್ಕಾರಿ ವೇತನ ಎದುರಿಗಿರುವ ಇಪ್ಪತ್ತೊಂದು ವರ್ಷದ ಯುವಕನಿಗಿಂತ ಒಳ್ಳೆಯ ಗಿರಾಕಿ ಅವರಿಗೆ ಸಿಗಲಾರ. ಎರಡು ಲಕ್ಷದ ಬೈಕ್ ಸಾಲವನ್ನು ಶೇ. 10ರ ಬಡ್ಡಿಗೆ ಮೂರು ವರ್ಷಕ್ಕೆ ತೆಗೆದುಕೊಂಡರೆ ತಿಂಗಳ ಕಂತು ಸುಮಾರು 6,450 ರೂಪಾಯಿ, ಒಟ್ಟು ಬಡ್ಡಿ ಸುಮಾರು 32,000. ತರಬೇತಿಯ ನಡುವೆ ಓಡಿಸಲು ವೇಳೆಯೇ ಸಿಗದ, ಮೊದಲ ನೇಮಕ ಗಡಿಯ ಎತ್ತರದ ಠಾಣೆಯಲ್ಲಾದರೆ ಊರಿನಲ್ಲಿ ಧೂಳು ಹಿಡಿಯುವ ವಾಹನಕ್ಕೆ ಆ ಕಂತು ಕಟ್ಟುತ್ತಲೇ ಇರಬೇಕು. ನೇಮಕದ ಊರು ತಿಳಿದ ಮೇಲೆ ಕೊಂಡರೆ ತಡವೇನೂ ಆಗುವುದಿಲ್ಲ. ಕ್ರೆಡಿಟ್ ಕಾರ್ಡ್ ಬೇಕೆಂದರೆ ಒಂದೇ ಇರಲಿ, ಬಿಲ್ ಪೂರ್ತಿ ತಾನಾಗಿಯೇ ಕಟ್ಟಿಹೋಗುವಂತೆ ಇರಲಿ. ಹದಿನೈದು ದಿನದ ಹೊರಶಿಬಿರದಲ್ಲಿದ್ದಾಗ ಕೊನೆಯ ದಿನಾಂಕ ನೆನಪಿರುವುದಿಲ್ಲ.

ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರದಿಂದ ದೂರವಿರಿ ಎಂದು ಖಡಾಖಂಡಿತವಾಗಿ ಹೇಳುತ್ತೇನೆ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಅದರಲ್ಲಿ ತೊಡಗಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ. 93 ಮಂದಿ ನಷ್ಟ ಅನುಭವಿಸಿದರು ಎಂದು ಷೇರುಪೇಟೆ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸುತ್ತದೆ. ದಿನವಿಡೀ ತೆರೆಯ ಮುಂದೆ ಕೂರುವವರ ಗತಿಯೇ ಹೀಗಿರುವಾಗ, ಮಾರುಕಟ್ಟೆ ತೆರೆದಿರುವ ಹೊತ್ತಿನಲ್ಲಿ ಫೈರಿಂಗ್ ರೇಂಜಿನಲ್ಲಿರುವ ಕೆಡೆಟ್‌ಗೆ ಅಲ್ಲಿ ಕೆಲಸವಿಲ್ಲ. ಆನ್‌ಲೈನ್ ವಂಚನೆಗೆ ಸಿಕ್ಕಿದರೆ ನಾಚಿಕೆಯಿಂದ ಸುಮ್ಮನಿರದೆ ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಿ, ನಿಮ್ಮ ಅಧಿಕಾರಿಗೂ ತಿಳಿಸಿ. ಗುರುತಿನ ಚೀಟಿಯ ಚಿತ್ರವನ್ನು ಯಾವ ಆ್ಯಪ್‌ಗೂ ಕೊಡಬೇಡಿ. ಸೈನಿಕರ ಹೆಸರಿನಲ್ಲಿ ಇತರರನ್ನು ವಂಚಿಸುವವರಿಗೆ ಬೇಕಾಗಿರುವುದು ಅದೇ.

ಎಂಟನೆಯ ಹೆಜ್ಜೆ: ಕಮಿಷನ್‌ಗೆ ಮುನ್ನ ತಿಳಿದಿರಬೇಕಾದದ್ದು

ಲೆಫ್ಟಿನೆಂಟ್ ಆದ ಮೇಲೆ ಮೂಲವೇತನದ ಜೊತೆಗೆ 15,500 ರೂಪಾಯಿಯ ಮಿಲಿಟರಿ ಸೇವಾ ವೇತನ, ತುಟ್ಟಿಭತ್ಯೆ ಮುಂತಾದವು ಸೇರುತ್ತವೆ. ವೇತನದ ಕನಿಷ್ಠ ಶೇ. 6 ಭಾಗ ಅಧಿಕಾರಿಗಳ ಭವಿಷ್ಯನಿಧಿಯಾದ ಡಿಎಸ್‌ಒಪಿ ನಿಧಿಗೆ ಹೋಗುತ್ತದೆ. ನಿಮ್ಮ ಇಚ್ಛೆಯಂತೆ ಅದನ್ನು ಹೆಚ್ಚಿಸಿಕೊಳ್ಳಬಹುದು. ಸ್ಟೈಪೆಂಡ್‌ನಿಂದ 20,000 ಉಳಿಸುತ್ತಿದ್ದವರು ಮೊದಲ ವೇತನದಿಂದಲೇ ಅಷ್ಟನ್ನೂ ಅಲ್ಲಿಗೆ ತಿರುಗಿಸಿದರೆ ಆ ಹಣದ ಕೊರತೆ ಅನುಭವಕ್ಕೇ ಬರುವುದಿಲ್ಲ.

ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ 49 ವಾರಗಳ ತರಬೇತಿ ಪಡೆದು ಶಾರ್ಟ್ ಸರ್ವಿಸ್ ಕಮಿಷನ್ ಪಡೆಯುವವರ ಲೆಕ್ಕ ಬೇರೆ. ಅವರಿಗೂ ತರಬೇತಿಯಲ್ಲಿ ಇದೇ 56,100 ರೂಪಾಯಿ ಸ್ಟೈಪೆಂಡ್ ಇದೆ. ಆದರೆ ಅವರ ಸೇವೆ ಹತ್ತು ವರ್ಷ, ವಿಸ್ತರಿಸಿದರೆ ಹದಿನಾಲ್ಕು. ಅಧಿಕಾರಿಯ ನಿವೃತ್ತಿ ಪಿಂಚಣಿಗೆ ಬೇಕಾದದ್ದು ಇಪ್ಪತ್ತು ವರ್ಷದ ಅರ್ಹ ಸೇವೆ. ಕಾಯಂ ಕಮಿಷನ್ ಸಿಗದೆ ಮೂವತ್ತೈದರ ಆಸುಪಾಸಿನಲ್ಲಿ ಸೇವೆಯಿಂದ ಹೊರಬರುವವರಿಗೆ ಎರಡನೆಯ ವೃತ್ತಿಯ ಓದಿಗೂ ಒಂದೆರಡು ವರ್ಷದ ಮನೆಖರ್ಚಿಗೂ ಹಣ ಬೇಕಾಗುತ್ತದೆ. ಆದ್ದರಿಂದ ಅವರು ಕಾಯಂ ಕಮಿಷನ್‌ನವರಿಗಿಂತ ಹೆಚ್ಚು ಪಾಲನ್ನು, ಅದೂ ಮೊದಲ ತಿಂಗಳಿನಿಂದ, ಉಳಿಸಬೇಕು.

ಪರೇಡ್‌ಗೆ ಮುಂಚಿನ ವಾರಗಳು ಪೂರ್ವಾಭ್ಯಾಸದಲ್ಲೇ ಕಳೆದುಹೋಗುತ್ತವೆಯಾದ್ದರಿಂದ ಅದಕ್ಕೂ ಒಂದು ತಿಂಗಳು ಮೊದಲು ಒಂದು ಸಂಜೆ ಬಿಡುವು ಮಾಡಿಕೊಂಡು ಕಾಗದಪತ್ರಗಳನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳಿ. ಬ್ಯಾಂಕ್ ಖಾತೆ, ಸಮೂಹ ವಿಮೆ, ಠೇವಣಿ ಈ ಪ್ರತಿಯೊಂದರಲ್ಲೂ ನಾಮನಿರ್ದೇಶನ ಆಗಿದೆಯೇ, ತಾಯಿಯ ಹೆಸರಿನ ಅಕ್ಷರಗಳು ಆಧಾರ್‌ನಲ್ಲಿ ಇರುವಂತೆಯೇ ಇವೆಯೇ, ಪ್ಯಾನ್ ಜೋಡಣೆಯಾಗಿದೆಯೇ, ಉಳಿತಾಯ ಖಾತೆಯನ್ನು ರಕ್ಷಣಾ ಸಿಬ್ಬಂದಿಯ ವೇತನ ಖಾತೆಯಾಗಿ ಬದಲಿಸಿಕೊಂಡು ಅದರೊಂದಿಗೆ ಬರುವ ಅಪಘಾತ ವಿಮೆಯ ಷರತ್ತುಗಳನ್ನು ಓದಿದ್ದೀರಾ ಎಂದು ಒಂದೊಂದಾಗಿ ನೋಡಿ. ಎಲ್ಲದರ ಒಂದು ಪ್ರತಿಯನ್ನು ಲಕೋಟೆಯಲ್ಲಿ ಹಾಕಿ, ಪರೇಡ್‌ಗೆ ಬಂದ ತಂದೆತಾಯಿಯ ಕೈಗೆ ಕೊಟ್ಟು, ಯಾವ ಕಾಗದ ಯಾವುದಕ್ಕೆ ಎಂದು ಅವರಿಗೆ ಅರ್ಥವಾಗುವಂತೆ ಕನ್ನಡದಲ್ಲಿ ಬರೆದ ಒಂದು ಪುಟವನ್ನು ಅದರ ಮೇಲಿಡಿ.